ಮುಂಗೈ ಮುರಿದಾಗ: ಬಿದ್ದ ಗಳಿಗೆಯಿಂದ ಮತ್ತೆ ರೊಟ್ಟಿ ಬಡಿಯುವವರೆಗೆ

ಬಲಗೈಯನ್ನು ಮುಂದೆ ಚಾಚಿ. ಗುಡಿಯಲ್ಲಿ ತೀರ್ಥ ತೆಗೆದುಕೊಳ್ಳುವ ಹಾಗೆ ಅಂಗೈ ಮೇಲೆ ಮಾಡಿ. ಈಗ ಅದೇ ಕೈಯನ್ನು ರೊಟ್ಟಿ ಬಡಿಯುವ ಹಾಗೆ ಮಗುಚಿ. ಎಷ್ಟು ಸಲೀಸು, ಅಲ್ವಾ? ಮುಂಗೈ ಮುರಿದವರ ಚಿಕಿತ್ಸೆ ಸರಿಯಾಗಿದೆಯೋ ಇಲ್ಲವೋ ಅಂತ ನಾನು ಮೊದಲು ಈ ಎರಡು ಕೆಲಸ ಮಾಡಿಸಿಯೇ ನೋಡುತ್ತೇನೆ.

ನಾನು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್. ಜನ ನನ್ನ ಹತ್ತಿರ ಬರುವುದು ಪ್ಲಾಸ್ಟರ್ ಬಿಚ್ಚಿದ ಮೇಲೆ, ಅಂದರೆ ಬಿದ್ದು ಆರು ವಾರ ಕಳೆದ ನಂತರ. ಕುಂದಗೋಳ, ನವಲಗುಂದ, ರೋಣ, ಶಿಗ್ಗಾವಿ, ಬ್ಯಾಡಗಿ, ಎಲ್ಲ ಕಡೆಯಿಂದ ಬರುತ್ತಾರೆ. "ಎಲುಬು ಕೂಡಿದೆ ಅಂದ್ರು, ಆದ್ರೆ ಕೈ ತಿರುಗವಲ್ದು" ಅನ್ನುವ ಮಾತು ನನಗೆ ಬಾಯಿಪಾಠವಾಗಿದೆ. ಎಲುಬು ಕೂಡುವುದು ಬೇರೆ, ಕೈ ದುಡಿಯುವುದು ಬೇರೆ. ಹಿಂದಿನ ಕಥೆ ಕೇಳುತ್ತಾ ಹೋದರೆ, ತಪ್ಪು ಆಗಿದ್ದು ಬಹುತೇಕ ಮೊದಲ ದಿನ, ಇಲ್ಲವೇ ಮೊದಲ ಎರಡು ವಾರದಲ್ಲಿ. ಆಗ ಏನು ಮಾಡಬೇಕು ಅಂತ ಗೊತ್ತಿದ್ದರೆ ನನ್ನ ಅರ್ಧ ಕೆಲಸ ಉಳಿಯುತ್ತದೆ. ನಿಮ್ಮ ನೋವೂ ಉಳಿಯುತ್ತದೆ.

ಜೋಡಿ ಎತ್ತಿನಂಥ ಎರಡು ಎಲುಬು

ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಎಲುಬು ಇವೆ. ಹೆಬ್ಬೆರಳಿನ ಕಡೆ ಇರುವುದು ರೇಡಿಯಸ್. ಕಿರುಬೆರಳಿನ ಕಡೆ ಇರುವುದು ಅಲ್ನಾ. ಮೊಣಕೈಯನ್ನು ಮೇಜಿಗೆ ಊರಿದಾಗ ಗಟ್ಟಿಯಾಗಿ ತಾಗುತ್ತದಲ್ಲ, ಅದು ಅಲ್ನಾದ ತುದಿ.

ಕೈ ತಿರುಗಿಸುವಾಗ ಅಲ್ನಾ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ರೇಡಿಯಸ್ ಅದನ್ನು ದಾಟಿಕೊಂಡು ಅಡ್ಡ ಬರುತ್ತದೆ. ತೀರ್ಥ ಹಿಡಿಯುವಾಗ ಎರಡೂ ಅಕ್ಕಪಕ್ಕ ಇರುತ್ತವೆ, ರೊಟ್ಟಿ ಬಡಿಯುವಾಗ ಒಂದರ ಮೇಲೊಂದು ಕತ್ತರಿಯಂತೆ ಬರುತ್ತವೆ. ಹೀಗೆ ದಾಟಲು ಆಗುವುದು ರೇಡಿಯಸ್ ಬಿಲ್ಲಿನ ಹಾಗೆ ಸ್ವಲ್ಪ ಬಾಗಿರುವುದರಿಂದ. ಮುರಿದ ಮೇಲೆ ಆ ಬಾಗು ಕೆಟ್ಟು ಕೂಡಿದರೆ ಎಲುಬು ಗಟ್ಟಿಯಾಗಿಯೇ ಇರಬಹುದು, ಆದರೆ ಕೈ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಎಲುಬಿನ ಡಾಕ್ಟರುಗಳು ದೊಡ್ಡವರ ಮುಂಗೈಯನ್ನು ಬರೀ ಎಲುಬು ಅಂತ ನೋಡದೆ ಒಂದು ಕೀಲು ಅಂತಲೇ ನೋಡುತ್ತಾರೆ.

ಇನ್ನೊಂದು ವಿಷಯ. ಈ ಎರಡೂ ಎಲುಬು ಮೇಲೆ ಮೊಣಕೈಯಲ್ಲಿ, ಕೆಳಗೆ ಮಣಿಕಟ್ಟಿನಲ್ಲಿ, ನಡುವೆ ಒಂದು ಗಟ್ಟಿ ಪೊರೆಯಿಂದ ಸೇರಿಕೊಂಡಿವೆ. ನೊಗಕ್ಕೆ ಹೂಡಿದ ಜೋಡಿ ಎತ್ತಿನ ಹಾಗೆ. ಒಂದು ಎತ್ತು ಮುಗ್ಗರಿಸಿದರೆ ಇನ್ನೊಂದರ ಕುತ್ತಿಗೆಗೂ ಜಗ್ಗುತ್ತದೆ. ಎಕ್ಸ್‌ರೇಯಲ್ಲಿ ಒಂದೇ ಎಲುಬು ಮುರಿದು ಜರುಗಿದ್ದು ಕಂಡರೆ, ಇನ್ನೊಂದು ಎಲುಬಿನ ಕೀಲು ತಪ್ಪಿದೆಯಾ ಅಂತ ಹುಡುಕಲೇಬೇಕು.

ಮೊದಲ ಹೆಜ್ಜೆ: ಬಿದ್ದ ಕೂಡಲೇ

ನನ್ನ ಅವ್ವ ಒಂದು ಮಳೆಗಾಲದಲ್ಲಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಗೆ ಜಾರಿ ಬಿದ್ದಳು. ಕೈ ಊರಿದಳು, ಮಣಿಕಟ್ಟು ಹೋಯಿತು. ನಾನು ಊರಲ್ಲಿ ಇರಲಿಲ್ಲ. ಓಣಿಯವರು ಪ್ರೀತಿಯಿಂದಲೇ ಬಂದರು, ಎಣ್ಣೆ ಹಚ್ಚಿ ತಿಕ್ಕಿದರು, ಗಟ್ಟಿಯಾಗಿ ಪಟ್ಟಿ ಸುತ್ತಿದರು. ಬಳೆ ಯಾರೂ ತೆಗೆಯಲಿಲ್ಲ. ಸಂಜೆ ನಾನು ಮುಟ್ಟುವ ಹೊತ್ತಿಗೆ ಬಳೆಗಳು ಬಾವಿನಲ್ಲಿ ಹುಗಿದುಹೋಗಿದ್ದವು. ಆಸ್ಪತ್ರೆಯಲ್ಲಿ ಒಂದೊಂದಾಗಿ ತೆಗೆಸುವಾಗ ಅವ್ವ ಮುರಿದ ಎಲುಬಿಗಿಂತ ಬಳೆಗೇ ಜಾಸ್ತಿ ಅತ್ತಳು.

ಹಾಗಾಗಿ ನನ್ನ ಮೊದಲ ಮಾತು: ಬಳೆ, ಉಂಗುರ, ವಾಚು, ಕೈದಾರ ಎಲ್ಲವನ್ನೂ ಆಗಲೇ ತೆಗೆಯಿರಿ. ಬಾವು ಏರಲು ಅರ್ಧ ಗಂಟೆ ಸಾಕು. ಸೋಪಿನ ನೊರೆ ಹಚ್ಚಿದರೆ ಬಹಳಷ್ಟು ಸಲ ಜಾರಿ ಬರುತ್ತದೆ. ಬರದಿದ್ದರೆ ಎಳೆದಾಡಬೇಡಿ, ಆಸ್ಪತ್ರೆಯಲ್ಲಿ ಕತ್ತರಿಸುತ್ತಾರೆ.

ಆಮೇಲೆ ಕೈಯನ್ನು ಇದ್ದ ಹಾಗೆಯೇ ನಿಲ್ಲಿಸಿ. ಸೊಟ್ಟ ಇದ್ದರೆ ಸೊಟ್ಟವೇ ಇರಲಿ, ನೇರ ಮಾಡಲು ಹೋಗಬೇಡಿ. ಎರಡು ಮೂರು ದಿನಪತ್ರಿಕೆಗಳನ್ನು ಒತ್ತಾಗಿ ಮಡಚಿ, ಅಥವಾ ದಪ್ಪ ರಟ್ಟು ತಂದು, ಮುಂಗೈ ಅಡಿಗೆ ಇಡಿ. ಮೊಣಕೈಯಿಂದ ಅಂಗೈವರೆಗೆ ಅದು ಬರಬೇಕು. ಮೆತ್ತನೆ ಬಟ್ಟೆ ಸುತ್ತಿ, ಮುರಿದ ಜಾಗ ಬಿಟ್ಟು ಮೇಲೆ ಕೆಳಗೆ ಸಡಿಲವಾಗಿ ಕಟ್ಟಿ. ಕಟ್ಟಿನ ಕೆಳಗೆ ನಿಮ್ಮ ಒಂದು ಬೆರಳು ತೂರಬೇಕು. ಅಷ್ಟು ಸಡಿಲ. ನಂತರ ಟವೆಲ್ಲನ್ನೋ ಓಢಣಿಯನ್ನೋ ಕೊರಳಿಗೆ ಜೋಲಿ ಮಾಡಿ ಕೈ ಇಡಿ. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಬಹುದು, ನೇರವಾಗಿ ಚರ್ಮಕ್ಕೆ ಬೇಡ.

ಊಟ, ಚಹಾ ಕೊಡಬೇಡಿ. ಇದು ನಮ್ಮ ಜನಕ್ಕೆ ಬಹಳ ಕಷ್ಟ, ನನಗೆ ಗೊತ್ತು. ನೋವಿನಲ್ಲಿ ಇರುವವರಿಗೆ ಒಂದು ಕಪ್ ಚಹಾ ಕೊಡದೆ ಇರಲು ಮನಸ್ಸು ಒಪ್ಪುವುದಿಲ್ಲ. ಆದರೆ ಕೈ ಕೂರಿಸಲು ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು. ಚಹಾ ಕುಡಿದಿದ್ದಕ್ಕೇ ಗಂಟೆಗಟ್ಟಲೆ ಕಾಯಬೇಕಾಗಬಹುದು. ಸಕ್ಕರೆ ಕಾಯಿಲೆಯವರಾದರೆ ಅದನ್ನು ಆಸ್ಪತ್ರೆಯಲ್ಲಿ ಮೊದಲೇ ಹೇಳಿ.

ಗಾಯ ಇದ್ದರೆ ಲೆಕ್ಕವೇ ಬೇರೆ. ಎಲುಬಿನ ಚೂಪು ತುದಿ ಚರ್ಮ ಸೀಳಿ ಹೊರಬಂದಿರಬಹುದು, ಇಲ್ಲವೇ ರಾಶಿ ಮಷಿನ್, ಮೇವು ಕತ್ತರಿಸುವ ಮಷಿನ್ನಿಗೆ ಕೈ ಸಿಕ್ಕಿರಬಹುದು. ಅಕ್ಕಿಕಾಳಿನಷ್ಟು ಚಿಕ್ಕ ತೂತು ಇದ್ದರೂ ಅದು ತೆರೆದ ಮುರಿತವೇ. ಅರಿಶಿನ, ಕಾಫಿಪುಡಿ, ಮಣ್ಣು, ಸುಣ್ಣ ಏನೂ ತುಂಬಬೇಡಿ. ಹೊರಗೆ ಕಾಣುವ ಎಲುಬನ್ನು ಒಳಗೆ ದಬ್ಬಬೇಡಿ. ಒಗೆದ ಬಟ್ಟೆ ಮುಚ್ಚಿ, ರಕ್ತ ಹರಿಯುತ್ತಿದ್ದರೆ ಮೇಲಿಂದ ಒತ್ತಿ ಹಿಡಿದು ಹೊರಡಿ. ಮುಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಒಳ್ಳೆಯದು. ಅದನ್ನೇ ತೋರಿಸಿದರೆ ಡಾಕ್ಟರು ಬಟ್ಟೆಯನ್ನು ಮತ್ತೆ ಮತ್ತೆ ಬಿಚ್ಚುವುದು ತಪ್ಪುತ್ತದೆ. ಇಂಥ ಗಾಯಕ್ಕೆ ಸೋಂಕು ನಿವಾರಕ ಇಂಜೆಕ್ಷನ್ ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು, ಸಾಧ್ಯವಾದರೆ ಒಂದು ಗಂಟೆಯೊಳಗೆ. ಧನುರ್ವಾಯು ಚುಚ್ಚುಮದ್ದೂ ಬೇಕು. ಹೊಲದ ಮಣ್ಣು, ಸಗಣಿ ತಾಗಿದ ಗಾಯವಾದರೆ ಅದನ್ನು ಖಂಡಿತ ಹೇಳಿ.

ಬಿಗಿ ಕಟ್ಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು

ನಮ್ಮ ಕಡೆ ಎಲುಬು ಕಟ್ಟುವವರು ಅಂದರೆ ಜನಕ್ಕೆ ಬಹಳ ನಂಬಿಕೆ. ಬಿದಿರಿನ ದಬ್ಬೆ, ಮೊಟ್ಟೆ, ಸೊಪ್ಪಿನ ಲೇಪ, ಮೇಲೆ ಬಿಗಿಯಾದ ಕಟ್ಟು. ಅವರಲ್ಲಿ ಒಳ್ಳೆಯ ಮನಸ್ಸಿನವರು ಬೇಕಾದಷ್ಟು ಇದ್ದಾರೆ. ಸರಿದಿರದ ಚಿಕ್ಕ ಬಿರುಕು ಯಾವ ಕಟ್ಟಿನಲ್ಲಾದರೂ ಕೂಡುತ್ತದೆ, ಅದಕ್ಕೇ ನಂಬಿಕೆ ಉಳಿದುಕೊಂಡಿದೆ. ಆದರೆ ಒಳಗೆ ಏನಾಗಿದೆ ಅಂತ ಎಕ್ಸ್‌ರೇ ಇಲ್ಲದೆ ಯಾರ ಕೈಗೂ ಗೊತ್ತಾಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಬಿಗಿ.

ಮುಂಗೈ ಸ್ನಾಯುಗಳು ಹಿಗ್ಗದ ಚೀಲದಂಥ ಪೊರೆಯೊಳಗೆ ಇವೆ. ಎಲುಬು ಮುರಿದಾಗ ಒಳಗೆ ರಕ್ತ ಸೇರಿ ಬಾವು ಏರುತ್ತದೆ. ಹೊರಗಿನಿಂದಲೂ ಬಿಗಿ ಕಟ್ಟಿದರೆ ಒಳಗಿನ ಒತ್ತಡ ಸ್ನಾಯುಗಳಿಗೆ ರಕ್ತ ಹರಿಯದಷ್ಟು ಏರಬಹುದು. ಇದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುತ್ತಾರೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯಲು ಶುರುವಾಗುತ್ತದೆ. ಸತ್ತ ಸ್ನಾಯು ಒಣಗಿ ಹಗ್ಗದ ಹಾಗಾಗಿ ಬೆರಳುಗಳನ್ನು ಒಳಕ್ಕೆ ಎಳೆಯುತ್ತದೆ. ಕೈ ಹಕ್ಕಿಯ ಪಂಜದ ಹಾಗೆ ಮುದುಡುತ್ತದೆ. ಜರ್ಮನಿಯ ವೋಕ್‌ಮನ್ ಎಂಬ ಸರ್ಜನ್ 1881ರಲ್ಲೇ ಇದನ್ನು ಬಿಗಿ ಕಟ್ಟಿನ ಜೊತೆ ಸೇರಿಸಿ ವಿವರಿಸಿದ್ದರು. ಇಷ್ಟು ವರ್ಷ ಕಳೆದರೂ ಇಂಥ ಕೈ ನನ್ನ ಮುಂದೆ ಬರುತ್ತದೆ. ಒಬ್ಬ ಹುಡುಗ ಬೇವಿನ ಮರದಿಂದ ಬಿದ್ದಿದ್ದ. ರಾತ್ರಿಯಿಡೀ ಅತ್ತ. "ಕಟ್ಟು ಕೂರುತ್ತಿದೆ, ನೋವು ಇರುವುದೇ" ಅಂತ ಮನೆಯವರು ಸಮಾಧಾನ ಮಾಡಿದರು. ಅವನು ಪೆನ್ಸಿಲ್ ಹಿಡಿಯುವುದನ್ನು ಮತ್ತೆ ಕಲಿಯಲು ನಾವಿಬ್ಬರೂ ಎರಡು ವರ್ಷ ಒದ್ದಾಡಿದೆವು.

ಲಕ್ಷಣಗಳನ್ನು ನೆನಪಿಡಿ. ಮಾತ್ರೆ ಕೊಟ್ಟರೂ ನೋವು ಏರುತ್ತಲೇ ಇರುತ್ತದೆ. ಮುದುಡಿದ ಬೆರಳನ್ನು ನೀವು ಮೆಲ್ಲಗೆ ನೇರ ಮಾಡಿದರೆ ಕಿರುಚುವಷ್ಟು ನೋವು. ಬೆರಳು ಜುಮುಗುಡುತ್ತದೆ, ಜೋಮು ಹಿಡಿಯುತ್ತದೆ. ಮುಂಗೈ ಕಲ್ಲಿನ ಹಾಗೆ ಬಿಗಿದಿರುತ್ತದೆ. ನಾಡಿ ಸಿಗುತ್ತಿದೆ, ಬೆರಳು ಕೆಂಪಗೇ ಇದೆ ಅಂತ ಸುಮ್ನೆ ಕೂರಬೇಡಿ, ನಾಡಿ ಇದ್ದಾಗಲೂ ಒಳಗೆ ಸ್ನಾಯು ಸಾಯುತ್ತಿರಬಹುದು. ಕಟ್ಟು ನಾಟಿಯದೇ ಇರಲಿ, ದೊಡ್ಡ ಆಸ್ಪತ್ರೆಯ ಪ್ಲಾಸ್ಟರೇ ಇರಲಿ, ಈ ಲಕ್ಷಣ ಕಂಡರೆ ನಡುರಾತ್ರಿಯಾದರೂ ಹೊರಡಬೇಕು. ಬಟ್ಟೆಯ ಕಟ್ಟಾದರೆ ಮನೆಯಲ್ಲೇ ಪೂರ್ತಿ ಬಿಚ್ಚಿಬಿಡಿ. ಕೈಯನ್ನು ಎದೆಯ ಮಟ್ಟದಲ್ಲಿ ಇಡಿ, ತುಂಬಾ ಎತ್ತರಿಸಬೇಡಿ. ಅಲ್ಲಿ ಡಾಕ್ಟರು ಪ್ಲಾಸ್ಟರ್ ಸೀಳುತ್ತಾರೆ, ಬೇಕಾದರೆ ಆಪರೇಷನ್ ಮಾಡಿ ಪೊರೆ ಬಿಡಿಸುತ್ತಾರೆ.

ಎರಡನೇ ಹೆಜ್ಜೆ: ಎಲ್ಲಿಗೆ, ಏನು ಹಿಡಿದುಕೊಂಡು

ತೆರೆದ ಗಾಯ, ತಣ್ಣಗಾದ ಅಥವಾ ನೀಲಿಯಾದ ಬೆರಳು, ಸ್ಪರ್ಶ ಗೊತ್ತಾಗದ ಬೆರಳು, ಕಣ್ಣಿಗೆ ಕಾಣುವಷ್ಟು ಸೊಟ್ಟಾದ ಕೈ, ಇವು ಇದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಲ್ಲರೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಗದಗಿನಲ್ಲಿ ಜಿಮ್ಸ್, ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ, ಧಾರವಾಡದಲ್ಲಿ ಸಿವಿಲ್ ಆಸ್ಪತ್ರೆ ಮತ್ತು ಸತ್ತೂರಿನ ಎಸ್‌ಡಿಎಂ. ಮುಂಗೈ ಮುರಿತಕ್ಕೆ ಬೆಂಗಳೂರಿಗೆ ಓಡುವ ಅಗತ್ಯ ಬಹಳ ಅಪರೂಪ.

ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ 30ರಷ್ಟು ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗಬಹುದು, ಮೊದಲೇ ಕೇಳಿಕೊಳ್ಳಿ. ಬೈಕ್ ಅಪಘಾತವಾದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಕಾನೂನಿನ ದಾಖಲೆ, ಬರೆದುಕೊಳ್ಳುತ್ತಾರೆ. ಹೆದರಬೇಡಿ, ಮುಂದೆ ವಿಮೆಗೆ ಅದೇ ಕಾಗದ ಬೇಕು.

ಮೂರನೇ ಹೆಜ್ಜೆ: ಎಕ್ಸ್‌ರೇ ಸರಿಯಾಗಿ ತೆಗೆಸಿ

ಎರಡು ಕೋನ, ಎರಡು ಕೀಲು. ಇಷ್ಟು ನೆನಪಿದ್ದರೆ ಸಾಕು. ಮುಂದಿನಿಂದ ಒಂದು ಮತ್ತು ಪಕ್ಕದಿಂದ ಒಂದು ಚಿತ್ರ ಬೇಕು. ಮುಂಗೈ ನಡುಭಾಗ ಮುರಿದಿದ್ದರೆ ಆ ಚಿತ್ರಗಳಲ್ಲಿ ಮೊಣಕೈಯೂ ಮಣಿಕಟ್ಟೂ ಕಾಣಬೇಕು. ಬರೀ ನೋವಿದ್ದ ಜಾಗದ ಚಿತ್ರ ತೆಗೆಸಿದರೆ ಆ ಇನ್ನೊಂದು ಎತ್ತು ಕಣ್ಣಿಗೆ ಬೀಳುವುದೇ ಇಲ್ಲ. ಮಣಿಕಟ್ಟಿನ ಕೀಲಿನೊಳಗೆ ಚೂರುಚೂರಾಗಿದ್ದರೆ ಸಿಟಿ ಸ್ಕ್ಯಾನ್ ಹೇಳಬಹುದು. ಎಲ್ಲ ಫಿಲ್ಮ್‌ಗಳನ್ನೂ ದಿನಾಂಕದ ಜೊತೆ ಒಂದು ಕವರಿನಲ್ಲಿ ಜೋಪಾನ ಮಾಡಿ. ಮುಂದೆ ಎಲುಬು ಜರುಗಿದೆಯಾ ಅಂತ ನೋಡಲು ಹಳೆಯದರ ಜೊತೆ ಹೊಸದನ್ನು ಇಟ್ಟು ನೋಡಲೇಬೇಕು.

ಯಾವ ಮುರಿತ, ಯಾವ ಚಿಕಿತ್ಸೆ

ಮಕ್ಕಳ ಎಲುಬು ಹಸಿ ಕಡ್ಡಿ ಇದ್ದ ಹಾಗೆ. ಒಣಗಿದ ತೊಗರಿಕಟ್ಟಿಗೆ ಲಟಕ್ಕನೆ ಮುರಿಯುತ್ತದೆ, ಹಸಿ ಬೇವಿನ ಕಡ್ಡಿ ಒಂದು ಕಡೆ ಸೀಳಿ ಇನ್ನೊಂದು ಕಡೆ ಬಾಗುತ್ತದೆ. ಹೀಗೆ ಬಾಗಿ ಸೀಳಿದ್ದು ಗ್ರೀನ್‌ಸ್ಟಿಕ್ ಮುರಿತ. ಅದಕ್ಕಿಂತ ಸೌಮ್ಯವಾದದ್ದು ಬಕಲ್ ಮುರಿತ. ಮಣಿಕಟ್ಟಿನ ಹತ್ತಿರ ಎಲುಬಿನ ಹೊರಪದರ ಸ್ವಲ್ಪ ಉಬ್ಬಿರುತ್ತದೆ, ಅಷ್ಟೇ. ಇದಕ್ಕೆ ಬಿಚ್ಚಿ ಮತ್ತೆ ಕಟ್ಟಬಹುದಾದ ಪಟ್ಟಿಯೇ ಸುಮಾರು ಮೂರು ವಾರಕ್ಕೆ ಸಾಕು. ಗ್ರೀನ್‌ಸ್ಟಿಕ್ ಬಾಗು ಜಾಸ್ತಿ ಇದ್ದರೆ ಅರಿವಳಿಕೆ ಕೊಟ್ಟು ನೇರ ಮಾಡಿ ನಾಲ್ಕರಿಂದ ಆರು ವಾರ ಪ್ಲಾಸ್ಟರ್ ಹಾಕುತ್ತಾರೆ.

ಎರಡೂ ಎಲುಬು ಪೂರ್ತಿ ಮುರಿದರೂ ಚಿಕ್ಕ ಮಕ್ಕಳಲ್ಲಿ ಬಹುತೇಕ ಆಪರೇಷನ್ ಬೇಡ. ಕೂರಿಸಿ, ಮೊಣಕೈ ಮೇಲಿನವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಬೆಳೆಯುವ ಎಲುಬು ಸಣ್ಣಪುಟ್ಟ ಬಾಗನ್ನು ತಾನೇ ತಿದ್ದಿಕೊಳ್ಳುತ್ತದೆ. ವಯಸ್ಸು ಚಿಕ್ಕದಿದ್ದಷ್ಟೂ, ಮುರಿತ ಮಣಿಕಟ್ಟಿಗೆ ಹತ್ತಿರ ಇದ್ದಷ್ಟೂ ಚೆನ್ನಾಗಿ ತಿದ್ದಿಕೊಳ್ಳುತ್ತದೆ. ಆದರೆ ತಿರುಚಿ ಕೂಡಿದ ಎಲುಬನ್ನು ಬೆಳವಣಿಗೆ ತಿದ್ದುವುದಿಲ್ಲ. ಹತ್ತು ವರ್ಷ ದಾಟಿದ ಮಕ್ಕಳಲ್ಲಿ, ಅಥವಾ ಪ್ಲಾಸ್ಟರಿನಲ್ಲಿ ನಿಲ್ಲದಿದ್ದಾಗ, ಬಳುಕುವ ತೆಳು ನೇಲ್‌ಗಳನ್ನು, ಅಂದರೆ ಲೋಹದ ಕಡ್ಡಿಗಳನ್ನು, ಎಲುಬಿನೊಳಗೆ ತೂರಿಸುತ್ತಾರೆ.

ಎಲುಬು ಬೆಳೆಯುವ ಪಟ್ಟಿಗೆ, ಅಂದರೆ ಗ್ರೋಥ್ ಪ್ಲೇಟ್‌ಗೆ ಪೆಟ್ಟಾಗಿದ್ದರೆ ದಿನ ದೂಡಬೇಡಿ. ಒಂದು ವಾರ, ಹತ್ತು ದಿನ ಕಳೆದ ಮೇಲೆ ಬಲವಾಗಿ ಕೂರಿಸಲು ಹೋದರೆ ಆ ಪಟ್ಟಿಗೇ ಹಾನಿಯಾಗಬಹುದು. "ಜಾತ್ರೆ ಮುಗಿಸಿ ಹೋಗೋಣ" ಅಂದವರನ್ನು ನೋಡಿದ್ದೇನೆ. ಮಗುವಿನ ಕೈಗೆ ಜಾತ್ರೆ ಗೊತ್ತಿಲ್ಲ.

ಇನ್ನು ದೊಡ್ಡವರು. ಬೈಕಿನಿಂದ ಬಿದ್ದು, ಹೋರಿ ಹಬ್ಬದಲ್ಲಿ ಗುದ್ದಿಸಿಕೊಂಡು, ಎರಡೂ ಎಲುಬಿನ ನಡುಭಾಗ ಮುರಿದು ಜರುಗಿದ್ದರೆ ಪ್ಲೇಟ್ ಮತ್ತು ಸ್ಕ್ರೂ ಹಾಕುವ ಆಪರೇಷನ್ನೇ ಸರಿಯಾದ ದಾರಿ. "ಬರೀ ಪ್ಲಾಸ್ಟರ್ ಹಾಕಿಬಿಡಿ ಸಾರ್" ಅಂತ ಬೇಡಿಕೊಳ್ಳುವವರ ಕಷ್ಟ ನನಗೆ ಅರ್ಥವಾಗುತ್ತದೆ. ದುಡಿಮೆ ನಿಲ್ಲುತ್ತದೆ, ಖರ್ಚು ಇದೆ, ಚಾಕು ಅಂದರೆ ಭಯ. ಆದರೆ ಎಲುಬನ್ನು ತಿರುಗಿಸುವ ಸ್ನಾಯುಗಳು ಒಳಗೆ ಒಂದೊಂದು ತುಂಡನ್ನು ಒಂದೊಂದು ದಿಕ್ಕಿಗೆ ಎಳೆಯುತ್ತಿರುತ್ತವೆ. ಹೊರಗಿನ ಪ್ಲಾಸ್ಟರ್ ಅದನ್ನು ತಡೆಯಲಾರದು. ಪ್ಲೇಟ್ ಹಾಕಿಸಿಕೊಂಡವರು ಕೆಲವೇ ದಿನಗಳಲ್ಲಿ ಕೈ ಆಡಿಸಲು ಶುರು ಮಾಡಬಹುದು. ಎಲುಬು ಪೂರ್ತಿ ಕೂಡಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ.

ಬಡಿಗೆಯ ಪೆಟ್ಟು ತಡೆಯಲು ಕೈ ಎತ್ತಿದಾಗ ಅಲ್ನಾ ಒಂದೇ ಮುರಿಯುವುದುಂಟು. ಅಷ್ಟೇನೂ ಜರುಗದಿದ್ದರೆ ಪ್ಲಾಸ್ಟರ್ ಅಥವಾ ಬ್ರೇಸ್ ಸಾಕು. ಆದರೆ ಅಲ್ನಾ ಮುರಿದು, ಮೊಣಕೈ ಹತ್ತಿರ ರೇಡಿಯಸ್‌ನ ತಲೆ ಕೀಲು ತಪ್ಪಿದ್ದರೆ ಅದು ಮಾಂಟೆಜಿಯಾ ಮುರಿತ. ಇಟಲಿಯ ಮಿಲಾನಿನ ಮಾಂಟೆಜಿಯಾ 1814ರಲ್ಲಿ ಇದನ್ನು ವಿವರಿಸಿದರು. ಎಕ್ಸ್‌ರೇ ಬಂದದ್ದು 1895ರಲ್ಲಿ, ಅಂದರೆ ಬರೀ ಕೈಯಿಂದ ಮುಟ್ಟಿ ಕಂಡುಕೊಂಡಿದ್ದರು! ಎಕ್ಸ್‌ರೇ ಇರುವ ಈ ಕಾಲದಲ್ಲೂ ಮಕ್ಕಳಲ್ಲಿ ಇದು ತಪ್ಪಿಹೋಗುತ್ತದೆ. ಎಕ್ಸ್‌ರೇ ಫಿಲ್ಮಿನ ಮೇಲೆ ನೀವೇ ಒಂದು ಪರೀಕ್ಷೆ ಮಾಡಬಹುದು. ಮೊಣಕೈ ಹತ್ತಿರ ರೇಡಿಯಸ್‌ನ ಕುತ್ತಿಗೆ ಮತ್ತು ತಲೆಯ ನಡುವಿನಿಂದ ನೇರ ಗೆರೆ ಎಳೆದರೆ ಅದು ಮೊಣಕೈಯ ಹೊರಬದಿಯ ಗುಂಡು ಎಲುಬಿನ ನಡುವೆ ಹಾಯಬೇಕು, ಎರಡೂ ಚಿತ್ರಗಳಲ್ಲಿ. ಹಾಯದಿದ್ದರೆ ಡಾಕ್ಟರನ್ನು ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಇದರ ತಿರುಗುಮುರುಗು ಗಲಿಯಾಜಿ ಮುರಿತ. ರೇಡಿಯಸ್ ಕೆಳಭಾಗದಲ್ಲಿ ಮುರಿದು, ಮಣಿಕಟ್ಟಿನ ಹತ್ತಿರ ಅಲ್ನಾದ ಕೀಲು ತಪ್ಪುತ್ತದೆ. ದೊಡ್ಡವರಲ್ಲಿ ಈ ಎರಡಕ್ಕೂ ಆಪರೇಷನ್ ಬೇಕೇ ಬೇಕು.

ಮೊಣಕೈ ಹತ್ತಿರ ರೇಡಿಯಸ್‌ನ ತಲೆ ಬಿರುಕು ಬಿಟ್ಟರೆ ಕೆಲವು ದಿನ ಜೋಲಿ ಹಾಕಿ ಬೇಗ ಕೈ ಆಡಿಸುವುದೇ ಚಿಕಿತ್ಸೆ. ಇಲ್ಲಿ ಜಾಸ್ತಿ ದಿನ ಪ್ಲಾಸ್ಟರ್ ಹಾಕಿದರೆ ಮೊಣಕೈ ಬಿಗಿಯುತ್ತದೆ. ಡೀಸೆಲ್ ಪಂಪ್‌ಸೆಟ್ಟಿನ ಹ್ಯಾಂಡಲ್ ತಿರುಗಿಸುವಾಗ ಅದು ಹಿಂದಕ್ಕೆ ಒದ್ದರೆ ಹೆಬ್ಬೆರಳ ಬುಡದ ಕಡೆ ರೇಡಿಯಸ್ ತುದಿ ಒಡೆಯುತ್ತದೆ. ಹಿಂದೆ ಕಾರುಗಳಿಗೂ ಹ್ಯಾಂಡಲ್ ಇದ್ದ ಕಾಲದಲ್ಲಿ ಇದಕ್ಕೆ ಡ್ರೈವರ್ ಮುರಿತ ಅಂತಲೇ ಹೆಸರಿತ್ತು. ಇದು ಕೀಲಿನೊಳಗೆ ಹೋಗುವುದರಿಂದ ಉಳುಕು ಅಂತ ಬಿಡಬೇಡಿ.

ಅವ್ವಂದಿರ ಮಣಿಕಟ್ಟು

ನನ್ನ ಬಳಿ ಅತಿ ಹೆಚ್ಚು ಬರುವುದು ಇದು. ಐವತ್ತು ದಾಟಿದ ಹೆಣ್ಣುಮಕ್ಕಳು ಜಾರಿ ಕೈ ಊರಿದಾಗ ಮಣಿಕಟ್ಟಿನ ಮೇಲೆ ರೇಡಿಯಸ್ ಮುರಿದು ಹಿಂದಕ್ಕೆ ಬಾಗುತ್ತದೆ. ಪಕ್ಕದಿಂದ ನೋಡಿದರೆ ಊಟದ ಫೋರ್ಕ್ ಮಗುಚಿಟ್ಟ ಹಾಗೆ ಕಾಣುತ್ತದೆ. ಡಬ್ಲಿನ್ನಿನ ಏಬ್ರಹಾಂ ಕೋಲಿಸ್ 1814ರಲ್ಲೇ ವಿವರಿಸಿದ್ದರಿಂದ ಕೋಲಿಸ್ ಮುರಿತ ಅನ್ನುತ್ತಾರೆ. ಅಂಗೈ ಕಡೆಗೆ ಬಾಗಿದರೆ ಸ್ಮಿತ್ ಮುರಿತ, ಅದು ಪ್ಲಾಸ್ಟರಿನಲ್ಲಿ ನಿಲ್ಲುವುದು ಕಷ್ಟ.

ಕೋಲಿಸ್ ಮುರಿತ ಜರುಗಿರದಿದ್ದರೆ ಐದಾರು ವಾರ ಪ್ಲಾಸ್ಟರ್. ಜರುಗಿದ್ದರೆ ಮುರಿದ ಜಾಗಕ್ಕೇ ಇಂಜೆಕ್ಷನ್ ಕೊಟ್ಟು ಎಳೆದು ಕೂರಿಸುತ್ತಾರೆ. ಬಾವು ಇರುವುದರಿಂದ ಮೊದಲು ಅರ್ಧ ಪಟ್ಟಿ, ಅಂದರೆ ಸ್ಲ್ಯಾಬ್ ಹಾಕುತ್ತಾರೆ. ಇಲ್ಲೇ ಬಹಳ ಜನ ಎಡವುತ್ತಾರೆ. ಬಾವು ಇಳಿದಾಗ ಸ್ಲ್ಯಾಬ್ ಸಡಿಲಾಗುತ್ತದೆ, ಕೂರಿಸಿದ ಎಲುಬು ಮತ್ತೆ ಜರುಗುತ್ತದೆ. ಒಂದು ವಾರಕ್ಕೆ ಮತ್ತು ಎರಡು ವಾರಕ್ಕೆ ಮತ್ತೆ ಎಕ್ಸ್‌ರೇ ತೆಗೆಸಲೇಬೇಕು. "ನೋವು ಇಲ್ಲ, ಯಾಕೆ ಹೋಗಬೇಕು" ಅಂತ ಉಳಿದುಬಿಟ್ಟರೆ ಆರು ವಾರಕ್ಕೆ ಸೊಟ್ಟ ಕೂಡಿದ ಕೈ ನನ್ನ ಬಾಗಿಲಿಗೆ ಬರುತ್ತದೆ. ಎರಡು ವಾರದೊಳಗೆ ಗೊತ್ತಾದರೆ ಸರಿಪಡಿಸುವುದು ಸುಲಭ. ತಂತಿ ಹಾಕಬಹುದು, ಅಂಗೈ ಕಡೆಯಿಂದ ಪ್ಲೇಟ್ ಹಾಕಬಹುದು. ಮಕ್ಕಳ ಪ್ಲಾಸ್ಟರಿಗೂ ಈ ಎರಡು ಎಕ್ಸ್‌ರೇಗಳ ಮಾತು ಅಷ್ಟೇ ನಿಜ.

ಎಪ್ಪತ್ತು ದಾಟಿದವರ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಆ ವಯಸ್ಸಿನಲ್ಲಿ ಎಲುಬು ತುಸು ಸೊಟ್ಟ ಕೂಡಿದರೂ ಒಂದು ವರ್ಷದ ಹೊತ್ತಿಗೆ ಮನೆಗೆಲಸಕ್ಕೆ ಅಡ್ಡಿಯಾಗದ ಹಾಗೆ ಕೈ ಪಳಗುವುದು ಬಹಳ ಸಲ ಕಂಡಿದೆ. ಎಲ್ಲರಿಗೂ ಪ್ಲೇಟ್ ಬೇಕಿಲ್ಲ. ಅಜ್ಜಿ ಆ ಕೈಯಿಂದ ಏನೇನು ಮಾಡುತ್ತಾರೆ ಅಂತ ಡಾಕ್ಟರಿಗೆ ಹೇಳಿ, ಕೂತು ಮಾತಾಡಿ ತೀರ್ಮಾನಿಸಿ.

ನಾಲ್ಕನೇ ಹೆಜ್ಜೆ: ಪ್ಲಾಸ್ಟರ್ ಇರುವ ದಿನಗಳು

ಮೊದಲ ಎರಡು ಮೂರು ದಿನ ಕೂತಾಗ, ಮಲಗಿದಾಗ ಕೈಯನ್ನು ದಿಂಬಿನ ಮೇಲೆ ಎದೆಗಿಂತ ಸ್ವಲ್ಪ ಎತ್ತರ ಇಡಿ. ಬಿಳಿ ಪ್ಲಾಸ್ಟರ್ ಪೂರ್ತಿ ಒಣಗಲು ಒಂದೆರಡು ದಿನ ಬೇಕು. ಒಲೆಯ ಹತ್ತಿರ ಕಾಯಿಸಬೇಡಿ.

ಬೆರಳು ಆಡಿಸುವುದು ಮೊದಲ ದಿನದಿಂದಲೇ ಶುರು. ಮುಷ್ಟಿ ಕಟ್ಟಿ, ಬಿಚ್ಚಿ. ಗಂಟೆಗೊಮ್ಮೆ ಹತ್ತು ಸಲ. ಹೆಬ್ಬೆರಳಿನಿಂದ ಉಳಿದ ಬೆರಳುಗಳ ತುದಿ ಒಂದೊಂದಾಗಿ ಮುಟ್ಟಿ. ಭುಜವನ್ನು ದಿನಕ್ಕೆ ಮೂರು ಸಲ ಪೂರ್ತಿ ಮೇಲೆತ್ತಿ. ಜೋಲಿಯಲ್ಲೇ ಆರು ವಾರ ಕೈ ಇಟ್ಟುಕೊಂಡು, ಮಣಿಕಟ್ಟಿನ ಜೊತೆ ಭುಜವನ್ನೂ ಕಳೆದುಕೊಂಡು ಬಂದವರು ಬಹಳ. "ಆಡಿಸಿದರೆ ಎಲುಬು ಬಿಡುತ್ತದೆ" ಅನ್ನುವ ಭಯ ಬೇಡ, ಪ್ಲಾಸ್ಟರಿನ ಹೊರಗಿರುವ ಕೀಲು ಆಡಿಸಲೆಂದೇ ಹೊರಗೆ ಬಿಟ್ಟಿರುತ್ತಾರೆ.

ತುರಿಕೆಗೆ ಹಣಿಗೆ, ಸ್ವೆಟರ್ ಕಡ್ಡಿ ತೂರಿಸಬೇಡಿ, ಒಳಗೆ ಗಾಯವಾದರೆ ಕಾಣುವುದಿಲ್ಲ. ಸ್ನಾನಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ. ಕೆಟ್ಟ ವಾಸನೆ, ಜ್ವರ, ಪ್ಲಾಸ್ಟರಿನ ಮೇಲೆ ಹೊಸ ಕಲೆ ಕಂಡರೆ ತೋರಿಸಿ. ಬೀಡಿ, ಸಿಗರೇಟು, ಗುಟ್ಕಾ ಬಿಡಿ. ತಂಬಾಕು ಎಲುಬು ಕೂಡುವುದನ್ನು ತಡಮಾಡುತ್ತದೆ. ನಾನು ಇದನ್ನು ಬೇಡಿಕೊಂಡೇ ಹೇಳುತ್ತೇನೆ, ಕನಿಷ್ಠ ಮೂರು ತಿಂಗಳು ಬಿಡಿ.

ಐದನೇ ಹೆಜ್ಜೆ: ಕೈಯನ್ನು ಮತ್ತೆ ನಿಮ್ಮದಾಗಿಸಿಕೊಳ್ಳುವುದು

ಪ್ಲಾಸ್ಟರ್ ಬಿಚ್ಚಿದ ದಿನ ಕೈ ತೆಳ್ಳಗೆ, ಒಣಗಿದ ಹಾಗೆ ಕಾಣುತ್ತದೆ. ಹೆದರಬೇಡಿ. ಎಣ್ಣೆ ಹಾಕಿ ಜಗ್ಗಿ ತಿಕ್ಕಿಸಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೈ ಇಟ್ಟು, ನೀರಿನೊಳಗೇ ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸಿ.

ಆಮೇಲೆ ತಿರುಗಿಸುವ ವ್ಯಾಯಾಮ. ಮೊಣಕೈಯನ್ನು ಮಡಚಿ ಪಕ್ಕೆಗೆ ಒತ್ತಿ ಹಿಡಿಯಿರಿ. ಪಕ್ಕೆಗೆ ಅಂಟಿರದಿದ್ದರೆ ಭುಜ ಮೋಸ ಮಾಡುತ್ತದೆ, ಕೈ ತಿರುಗಿದ ಹಾಗೆ ಕಾಣುತ್ತದೆ, ಅಷ್ಟೇ. ಈಗ ತೀರ್ಥ, ಈಗ ರೊಟ್ಟಿ. ಎರಡೂ ಕಡೆ ಕೊನೆಯಲ್ಲಿ ಐದು ಎಣಿಸುವವರೆಗೆ ನಿಲ್ಲಿಸಿ. ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ಒಂದೆರಡು ವಾರದ ನಂತರ, ಡಾಕ್ಟರು ಒಪ್ಪಿದರೆ, ಲಟ್ಟಣಿಗೆಯ ಒಂದು ತುದಿ ಹಿಡಿದು ಅದೇ ರೀತಿ ತಿರುಗಿಸಿ. ಅದರ ತೂಕವೇ ಕೈಯನ್ನು ಇನ್ನಷ್ಟು ತಿರುಗಿಸುತ್ತದೆ. ಹಿಡಿತಕ್ಕೆ ಚಪಾತಿ ಹಿಟ್ಟು ನಾದುವುದು, ಒದ್ದೆ ಟವೆಲ್ ಹಿಂಡುವುದು ಬಹಳ ಒಳ್ಳೆಯದು. ಮೆತ್ತನೆ ಹಿಟ್ಟಿನಿಂದ ಶುರು ಮಾಡಿ. ರೊಟ್ಟಿ ಬಡಿಯುವುದು ಕೊನೆಗೆ, ಯಾಕೆಂದರೆ ಅದು ಮಣಿಕಟ್ಟಿಗೆ ನೇರ ಪೆಟ್ಟು. ನನ್ನ ಅವ್ವನಿಗೆ ನಾಲ್ಕು ತಿಂಗಳು ಹಿಡಿಯಿತು.

ವ್ಯಾಯಾಮದ ನಂತರ ಅರ್ಧ ಗಂಟೆ ನೋವು ಇದ್ದರೆ ಪರವಾಗಿಲ್ಲ. ರಾತ್ರಿ ನಿದ್ದೆ ಕೆಡಿಸಿದರೆ ಜಾಸ್ತಿ ಮಾಡಿದ್ದೀರಿ ಅಂತ. ಕೈ ಉರಿಯುವುದು, ಹೊಳೆಯುವಂತೆ ಕೆಂಪಾಗುವುದು, ಬೆವರುವುದು, ಬಟ್ಟೆ ತಾಗಿದರೂ ನೋಯುವುದು, ಇದು ನರಗಳಿಗೆ ಸಂಬಂಧಿಸಿದ ಬೇರೆ ತೊಂದರೆ. ಬೇಗ ತೋರಿಸಿದರೆ ಬೇಗ ಹಿಡಿತಕ್ಕೆ ಬರುತ್ತದೆ. ಹೆಬ್ಬೆರಳು ಇದ್ದಕ್ಕಿದ್ದಂತೆ ಮೇಲೇಳದಿದ್ದರೆ ಅದರ ನಾರು ಹರಿದಿರಬಹುದು, ಅದನ್ನೂ ತೋರಿಸಿ.

ಬರೀ ಕೈಯಲ್ಲಿ ನಿಲ್ಲದ ವಿಷಯ

ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಐವತ್ತರ ನಂತರ ಮಣಿಕಟ್ಟು ಮುರಿದರೆ ಎಲುಬು ಸವೆದಿದೆಯಾ ಅಂತ ನೋಡಬೇಕು. ಇವತ್ತು ಮಣಿಕಟ್ಟು, ಹತ್ತು ವರ್ಷಕ್ಕೆ ಸೊಂಟ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮತ್ತು ವಿಟಮಿನ್ ಡಿ ಪರೀಕ್ಷೆ ಬಗ್ಗೆ ಕೇಳಿ. ಪ್ಲಾಸ್ಟರ್ ಹಾಕುವ ಗಡಿಬಿಡಿಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ, ನೀವೇ ಎತ್ತಬೇಕು.

ಊಟದ ಮಾತೂ ಇದೆ. ಜೋಳದ ರೊಟ್ಟಿ ನಮ್ಮ ಪ್ರಾಣ, ಆದರೆ ಜೋಳದಲ್ಲಿ ಕ್ಯಾಲ್ಸಿಯಂ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದ್ದರೆ ಜೋಳದಲ್ಲಿ 30ರ ಆಸುಪಾಸು. ರೊಟ್ಟಿ ಬಿಡಿ ಅಂತ ನಾನು ಹೇಳುವುದಿಲ್ಲ. ಜೊತೆಗೆ ಗಟ್ಟಿ ಮೊಸರು, ಎಳ್ಳಿನ ಚಟ್ನಿಪುಡಿ, ನುಗ್ಗೆಸೊಪ್ಪಿನ ಪಲ್ಯ ಇರಲಿ. ಬೆಳಿಗ್ಗೆ ಒಂದು ಲೋಟ ರಾಗಿ ಅಂಬಲಿ ಇರಲಿ. ಕಾಳು, ಬೇಳೆ, ಒಪ್ಪುವವರಿಗೆ ಮೊಟ್ಟೆ. ಹಿತ್ತಲಿನ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೆಗೆಸಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿ ಕೂರಿಸಿ. ಅವ್ವ ಬಿದ್ದ ವಾರವೇ ನಾನು ಇವೆರಡನ್ನೂ ಮಾಡಿಸಿದೆ. ಬೀಳುವ ಮುನ್ನ ಮಾಡಿಸಬೇಕಿತ್ತು.

ಮತ್ತೆ ದುಡಿಮೆಗೆ, ಆಟಕ್ಕೆ

ತೂಕ ಎತ್ತುವುದು, ಗರಡಿ, ಕಬಡ್ಡಿ, ಬೈಕ್ ಓಡಿಸುವುದು, ಇವಕ್ಕೆಲ್ಲ ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಂಡು, ಮುಷ್ಟಿಯ ಬಲ ಬಂದ ಮೇಲೇ ಅನುಮತಿ. ದೊಡ್ಡವರಿಗೆ ಸಾಮಾನ್ಯವಾಗಿ ಮೂರು ತಿಂಗಳ ನಂತರ. ಮಕ್ಕಳಲ್ಲಿ ಮುಂಗೈ ಅದೇ ಜಾಗದಲ್ಲಿ ಮತ್ತೆ ಮುರಿಯುವುದು ಅಪರೂಪವಲ್ಲ, ಅದರಲ್ಲೂ ಮೊದಲ ಆರು ತಿಂಗಳಲ್ಲಿ. ಓಡಲಿ, ಆಡಲಿ. ಮರ ಹತ್ತುವುದು, ಕುಸ್ತಿ ಮಾತ್ರ ಸ್ವಲ್ಪ ದಿನ ಬೇಡ.

ಕೊನೆಗೆ ಪ್ಲೇಟ್ ತೆಗೆಸುವ ಪ್ರಶ್ನೆ. ಇದನ್ನು ಎಲ್ಲರೂ ಕೇಳುತ್ತಾರೆ. ಮಕ್ಕಳ ನೇಲ್‌ಗಳನ್ನು ಆರು ತಿಂಗಳಿಂದ ಒಂದು ವರ್ಷದೊಳಗೆ ತೆಗೆಯುತ್ತಾರೆ. ದೊಡ್ಡವರ ಪ್ಲೇಟ್ ಚುಚ್ಚದಿದ್ದರೆ, ನೋವು ಕೊಡದಿದ್ದರೆ ಜೀವನಪೂರ್ತಿ ಒಳಗೇ ಇರಬಹುದು. ತೆಗೆಸಲೇಬೇಕೆಂದರೆ ಒಂದೂವರೆ ಎರಡು ವರ್ಷ ಕಳೆಯಲಿ. ತೆಗೆದ ಮೇಲೆ ಸ್ಕ್ರೂ ಇದ್ದ ತೂತುಗಳು ತುಂಬಿಕೊಳ್ಳುವವರೆಗೆ ಎಲುಬು ಮೆದುವಾಗಿರುತ್ತದೆ. ಆ ಕೆಲವು ತಿಂಗಳು ಆ ಕೈಯಿಂದ ಜೋಳದ ಚೀಲ ಎತ್ತಬೇಡಿ.